ನೆರಳು ಕಂಡರೆ ಓಡಿಬರುವ ಮರಿಗಳು

ಸಂಗಮ, ಏಪ್ರಿಲ್

ಹನ್ನೊಂದು ಗಂಟೆಗೇ ಬಂಡೆಯ ಮೇಲೆ ಬರಿಗಾಲಿಡುವಂತಿಲ್ಲ. ನಂದಿಬೆಟ್ಟದ ಕಡೆಯಿಂದ ಹೊರಟ ಅರ್ಕಾವತಿ ಕನಕಪುರ ದಾಟಿ, ಹಾರೋಬೆಲೆ ಅಣೆಕಟ್ಟು ದಾಟಿ, ಇಲ್ಲಿ ಕಾವೇರಿಗೆ ಸೇರುತ್ತದೆ. ಈ ತಿಂಗಳಲ್ಲಿ ಅರ್ಕಾವತಿಯ ಪಾತ್ರದಲ್ಲಿ ನೀರಿಗಿಂತ ಮರಳೇ ಹೆಚ್ಚು. ಕಾವೇರಿ ಮಾತ್ರ ಬಂಡೆಗಳ ಮಧ್ಯೆ ದಾರಿ ಮಾಡಿಕೊಂಡು ಓಡುತ್ತಿದೆ. ಕೈಯದ್ದಿದರೆ ನೀರು ಬೆಚ್ಚಗಿದೆ.

ನನ್ನ ಗೊಂದಲಕ್ಕೆ ಈ ಬೆಚ್ಚಗಿನ ನೀರೇ ಕಾರಣ. ಈ ನದಿಯ ಹೆಸರಾಂತ ಮೀನು ಮಹಷೀರ್. ಭಾರತದ ಮೀನುಗಾರಿಕೆಯ ಪುಸ್ತಕ ಯಾವುದನ್ನೇ ತೆಗೆಯಿರಿ, ಮಹಷೀರ್ ಕುಲವನ್ನು ಶೀತಜಲದ ಮೀನುಗಳ ಅಧ್ಯಾಯದಲ್ಲಿ ಟ್ರೌಟ್ ಪಕ್ಕಕ್ಕೆ ಕೂರಿಸಿರುತ್ತಾರೆ. ಶೀತಜಲ ಮೀನುಗಾರಿಕೆಗೆಂದೇ 1987ರಲ್ಲಿ ಹುಟ್ಟಿ, ಈಗ ಉತ್ತರಾಖಂಡದ ಭೀಮತಾಲ್‌ನಲ್ಲಿರುವ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯ ಕೆಲಸದಲ್ಲೂ ಹಿಮಾಲಯದ ಮಹಷೀರ್‌ಗೆ ದೊಡ್ಡ ಪಾಲು. ಟ್ರೌಟ್ ವಿಷಯ ಒಪ್ಪೋಣ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಎಚ್.ಸಿ. ವಿಲ್ಸನ್ ಎಂಬವರು ಅದನ್ನು ನೀಲಗಿರಿಯ ತೊರೆಗಳಿಗೆ ತಂದು ನೆಲೆಗೊಳಿಸಿದರು. ಅಲ್ಲಿ ಚಳಿ ಇದೆ, ಮಂಜು ಇದೆ. ಆದರೆ ಕನಕಪುರ ತಾಲ್ಲೂಕಿನ ಈ ಕೊನೆಯ ಮೂಲೆಯಲ್ಲಿ, ಏಪ್ರಿಲ್ ಬಿಸಿಲಿನಲ್ಲಿ, ಶೀತ ಎಲ್ಲಿಂದ ಬರಬೇಕು?

ಒಂದು ಲೆಕ್ಕ ಬರೆದಿಟ್ಟುಕೊಳ್ಳುತ್ತೇನೆ. ಒಂದು ಲೀಟರ್ ಸಿಹಿನೀರು 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳುತ್ತದೆ. 20 ಡಿಗ್ರಿಗೆ ಅದು 9ಕ್ಕೆ ಇಳಿಯುತ್ತದೆ, 30 ಡಿಗ್ರಿಗೆ ಏಳೂವರೆಗೆ. ಬಿಸಿ ಏರಿದ ಹಾಗೆ ಮೀನಿನ ಮೈ ಹೆಚ್ಚು ಉಸಿರು ಕೇಳುತ್ತದೆ, ನೀರು ಕಡಿಮೆ ಕೊಡುತ್ತದೆ. ಹಾಗಾದರೆ ಈ ಮೀನಿಗೆ ಬೇಕಾದದ್ದು ಚಳಿಯೋ, ಚಳಿಯ ಜೊತೆಗೆ ಬರುವ ಉಸಿರೋ?

ಸಂಗಮ, ಅದೇ ಸಂಜೆ

ತೆಪ್ಪದವರನ್ನು ಕೇಳಿದೆ. ಇಲ್ಲಿಯವರು ಮಹಷೀರ್‌ಗೆ ಬಿಳಿ ಮೀನು ಅನ್ನುತ್ತಾರೆ.

"ಬಿಳಿ ಮೀನು ನಿಂತ ನೀರಲ್ಲಿ ಇರಾಕಿಲ್ಲ ಸಾ. ಓಡೋ ನೀರು ಬೇಕು, ಕಲ್ಲು ಬೇಕು, ಪಕ್ಕದಲ್ಲೇ ಮಡು ಬೇಕು. ಮೂರಲ್ಲಿ ಒಂದಿಲ್ದಿದ್ರೂ ಅದು ಅಲ್ಲಿಲ್ಲ ಅಂತಲೇ ತಿಳ್ಕಳಿ."

ತಣ್ಣಗಿರಬೇಕೇ ಎಂದು ಕೇಳಿದ್ದಕ್ಕೆ ಅವರು ನಕ್ಕರು. "ಈ ಸೀಮೆಯಲ್ಲಿ ತಣ್ಣಗೆ ಎಲ್ಲಿ ಸಾ?"

ಇಲ್ಲಿಂದ ಕೆಳಗೆ ಮೇಕೆದಾಟುವಿನಲ್ಲಿ ಇಡೀ ಕಾವೇರಿ ಬಂಡೆಯ ಸಂದಿಗೆ ನುಗ್ಗುತ್ತದೆ. ಕಲ್ಲಿಗೆ ಬಡಿದು, ಬಿದ್ದು, ಬುರುಗೆದ್ದು ಹೋಗುವ ನೀರು ಪ್ರತಿ ಬಡಿತಕ್ಕೂ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಹಿಮಾಲಯದಲ್ಲಿ ಚಳಿ ಮಾಡುವ ಕೆಲಸದಲ್ಲಿ ಸ್ವಲ್ಪವನ್ನು ಇಲ್ಲಿ ಬಂಡೆಗಳು ಮಾಡುತ್ತಿವೆ. ಮಾಗಡಿಯಿಂದ ರಾಮನಗರದ ಮೂಲಕ ಕನಕಪುರದ ಕಾಡಿನವರೆಗೆ ಹಾಸಿರುವ ಈ ಕಲ್ಲಿಗೆ ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರನ್ನೇ ಇಟ್ಟು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಮೀನಿನ ಮರಿಯ ಉಸಿರಿಗೂ ಇದಕ್ಕೂ ನಂಟು ಇದ್ದೀತೆಂದು ರಾಮದೇವರ ಬೆಟ್ಟ ಹತ್ತುವಾಗ ಎಂದೂ ಹೊಳೆದಿರಲಿಲ್ಲ.

ಮನೆಯಲ್ಲಿ, ಓದು

ಮೊಟ್ಟೆಯ ಕಾಲ. ರೇನ್‌ಬೋ ಟ್ರೌಟ್ ಮೊಟ್ಟೆ 10 ಡಿಗ್ರಿ ನೀರಿನಲ್ಲಿ ಒಡೆಯಲು ಸುಮಾರು ಒಂದು ತಿಂಗಳು. 5 ಡಿಗ್ರಿಯಲ್ಲಿ ಎರಡೂವರೆ ತಿಂಗಳ ಹತ್ತಿರ. ಮಹಷೀರ್ ಮೊಟ್ಟೆ 22ರಿಂದ 24 ಡಿಗ್ರಿಯಲ್ಲಿ ಮೂರು ನಾಲ್ಕು ದಿನ ತೆಗೆದುಕೊಳ್ಳುತ್ತದೆ. ನಮ್ಮ ಕೆರೆಗಳಿಗೆ ಬಿಡುವ ರೋಹು, ಕಾಟ್ಲಾ ಮೊಟ್ಟೆಗಳಿಗೆ 28 ಡಿಗ್ರಿ ಸಿಕ್ಕರೆ ಒಂದು ದಿನವೂ ಬೇಡ.

ಬರೀ ಬೇಗ–ತಡದ ಮಾತಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಡೆನ್ಮಾರ್ಕಿನ ವೇಡೆಲ್ ಟೋನಿಂಗ್ ಎಂಬ ವಿಜ್ಞಾನಿ ಟ್ರೌಟ್ ಮೊಟ್ಟೆಗಳನ್ನು ಬೇರೆ ಬೇರೆ ಉಷ್ಣತೆಯ ನೀರಿನಲ್ಲಿಟ್ಟು ನೋಡಿ 1952ರಲ್ಲಿ ಬರೆದ ದೊಡ್ಡ ಲೇಖನವೊಂದಿದೆ. ಭ್ರೂಣ ಬೆಳೆಯುವಾಗಿನ ಒಂದು ನಿರ್ದಿಷ್ಟ ಹೊತ್ತಿನಲ್ಲಿ ನೀರಿನ ಬಿಸಿ ಬದಲಾದರೆ, ಆ ಮರಿಯ ಬೆನ್ನೆಲುಬಿನ ಮಣಿಗಳ ಸಂಖ್ಯೆಯೇ ಬದಲಾಗುತ್ತದೆ. ಅಪ್ಪ ಅಮ್ಮ ಒಂದೇ. ಆದರೂ ಎಲುಬಿನ ಎಣಿಕೆ ಬೇರೆ. ಆ ಹೊತ್ತು ದಾಟಿದ ಮೇಲೆ ನೀರನ್ನು ಏನೇ ಮಾಡಿ, ಎಣಿಕೆ ಬದಲಾಗುವುದಿಲ್ಲ. ತಣ್ಣೀರಿನ ಮೀನುಗಳಿಗೆ ಬೆನ್ನಿನ ಮಣಿ ಹೆಚ್ಚು ಎಂದು ಅಮೆರಿಕದ ಡೇವಿಡ್ ಸ್ಟಾರ್ ಜೋರ್ಡನ್ ಹತ್ತೊಂಬತ್ತನೇ ಶತಮಾನದ ಕೊನೆಗೇ ಹೇಳಿದ್ದರು. ಅವರು ಹೇಳಿದ್ದು ಜಾತಿ ಜಾತಿಗಳ ನಡುವಿನ ವ್ಯತ್ಯಾಸ. ಟೋನಿಂಗ್ ತೋರಿಸಿದ್ದು ಒಂದೇ ಸೂಲಿನ ಮೊಟ್ಟೆಗಳ ಒಳಗಿನದು.

ಈ ಲೇಖನದ ವಿಷಯ ಓದಿದ ದಿನದಿಂದ ಊಟದ ತಟ್ಟೆಯಲ್ಲಿ ಮೀನಿನ ಮುಳ್ಳು ಎಣಿಸುವ ಚಟ ಹತ್ತಿದೆ. ಮನೆಯವರಿಗೆ ಸಹನೆ ಹೆಚ್ಚು.

ರಾಮನಗರ, ಗೂಡಿನ ಮಾರುಕಟ್ಟೆ, ಮೇ

ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ಇರುವ ಊರಲ್ಲಿದ್ದುಕೊಂಡು, ಮರಿ ವಯಸ್ಸಿನ ಉಷ್ಣತೆಯ ಬಗ್ಗೆ ಡೆನ್ಮಾರ್ಕಿನವರನ್ನು ಕೇಳುವುದೇಕೆ? ಗೂಡು ತಂದು ಹರಾಜಿಗೆ ಕಾಯುತ್ತಿದ್ದ ಮಾಗಡಿ ಕಡೆಯ ರೈತರೊಬ್ಬರ ಪಕ್ಕ ಕೂತೆ.

ಚಾಕಿ ಎಂದರೆ ಹುಳುವಿನ ಮೊದಲ ಎರಡು ಹಂತ. ಎರಡನೇ ಜ್ವರ (ಪೊರೆ ಬಿಡುವ ಹೊತ್ತು) ಏಳುವವರೆಗೆ. ಆ ಒಂದು ವಾರ ಮನೆಯ ಬಿಸಿ 27–28 ಡಿಗ್ರಿ ಇರಬೇಕು, ತೇವಾಂಶ ನೂರಕ್ಕೆ ಎಂಬತ್ತೈದರ ಮೇಲೆ, ಸೊಪ್ಪು ಎಳೆಯದು. ದೊಡ್ಡ ಹುಳುವಾದ ಮೇಲೆ ಇದೆಲ್ಲ ತಿರುಗುಮುರುಗು: ಬಿಸಿ 24–25ಕ್ಕೆ ಇಳಿಸಬೇಕು, ತೇವ ತಗ್ಗಿಸಬೇಕು, ಗಾಳಿ ಆಡಿಸಬೇಕು. ಈಗ ಹೆಚ್ಚಿನವರು ಚಾಕಿ ಕೇಂದ್ರದಿಂದಲೇ ಹುಳು ತರುತ್ತಾರೆ, ಆ ಒಂದು ವಾರದ ಗಂಡಾಂತರ ತಮಗೆ ಬೇಡವೆಂದು.

"ಚಾಕಿ ಕೆಟ್ರೆ ಹುಳ ಸಾಯಲ್ಲ ಮೇಷ್ಟ್ರೆ," ಅಂದರು ಅವರು. "ಸತ್ರೆ ಎಸೆದು ಸುಮ್ಕಾಗಬೋದು. ಬದ್ಕಿರ್ತದೆ, ಸೊಪ್ಪು ತಿಂತದೆ, ಕೂಲಿಯೋರ ಲೆಕ್ಕವೂ ಓಡ್ತಿರ್ತದೆ. ಹಣ್ಣಾಗೋ ಹೊತ್ತಿಗೆ ಒಂದು ಮುಂದೆ ಒಂದು ಹಿಂದೆ. ಗೂಡು ಕಟ್ಟೋಕೆ ಚಂದ್ರಂಕಿಗೆ ಬಿಟ್ಟಾಗಲೇ ಗೊತ್ತಾಗೋದು."

ಮೀನಿನ ವಿಷಯದಲ್ಲಿ ನಾನು ಹುಡುಕುತ್ತಿದ್ದ ಮಾತು ಇದೇ. ಮೊದಲ ದಿನಗಳ ಕೊರತೆ ಅಂದೇ ಕಾಣಿಸಿಕೊಳ್ಳುವುದಿಲ್ಲ, ಕೊನೆಯ ಲೆಕ್ಕದಲ್ಲಿ ಕಾಣಿಸುತ್ತದೆ.

ಅವರೇ ಇನ್ನೊಂದು ಮಾತೂ ಹೇಳಿದರು. ಬೇಸಿಗೆಯ ಬೆಳೆ ಬೇಗ ಮುಗಿಯುತ್ತದೆ, ಆದರೆ ಗೂಡು ಹಗುರ. ಬಿಸಿ ಹೆಚ್ಚಾದರೆ ಬೇಗ ಬೆಳೆದು ಚಿಕ್ಕದಾಗಿಯೇ ನಿಲ್ಲುವುದು ಹುಳುವಿನ ಕಥೆಯಷ್ಟೇ ಅಲ್ಲ. ಮೈಯಲ್ಲಿ ತನ್ನದೇ ಬಿಸಿ ಇಲ್ಲದ ಜೀವಿಗಳಲ್ಲಿ ಬಹುಪಾಲು ಹೀಗೇ ಎಂದು ಬ್ರಿಟನ್ನಿನ ಡೇವಿಡ್ ಅಟ್ಕಿನ್ಸನ್ 1994ರಲ್ಲಿ ಒಟ್ಟುಹಾಕಿ ತೋರಿಸಿದರು. ಏಕೆ ಹೀಗೆ ಎಂಬುದರ ಮೇಲೆ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ. ಆಮ್ಲಜನಕ ಸಾಲದೆ ದೊಡ್ಡ ಮೈ ಸಾಕಲಾಗುವುದಿಲ್ಲ ಎನ್ನುವವರು ಒಂದು ಕಡೆ. ಬಿಸಿಯಲ್ಲಿ ಮೈ ಬಲಿಯುವ ವೇಗ ಮೈ ಬೆಳೆಯುವ ವೇಗವನ್ನು ಮೀರುತ್ತದೆ ಎನ್ನುವವರು ಇನ್ನೊಂದು ಕಡೆ. ಮಾಗಡಿಯ ರೈತರು ಯಾವ ಪಕ್ಷಕ್ಕೂ ಸೇರಲಿಲ್ಲ. "ಬಿಸಿಲಿಗೆ ಹುಳಕ್ಕೂ ಅವಸರ" ಎಂದು ಹೇಳಿ ಹರಾಜಿಗೆ ಎದ್ದು ಹೋದರು.

ಬೈರಮಂಗಲ, ಮೇ

ಮೂಗು ಮುಚ್ಚಿಕೊಂಡೇ ನಿಲ್ಲಬೇಕು. ಬೆಂಗಳೂರಿನ ಕೊಳಚೆಯನ್ನು ವೃಷಭಾವತಿ ಹೊತ್ತು ತಂದು ಈ ಕೆರೆಗೆ ಸುರಿಯುತ್ತದೆ. ಇಲ್ಲೂ ಜಿಲೇಬಿ ಮೀನು, ಅಂದರೆ ತಿಲಾಪಿಯ ಇದೆ, ಬೇಕಾದಷ್ಟಿದೆ. ಅಂಗೈಯಗಲವೂ ಇಲ್ಲದ ಮೀನಿನ ಬಾಯಲ್ಲಿ ಮರಿ.

ತಿಲಾಪಿಯ ಇಕ್ಕಟ್ಟಿನ, ಉಸಿರಿಲ್ಲದ ನೀರಿನಲ್ಲಿ ಬೆಳೆಯುವುದನ್ನು ನಿಲ್ಲಿಸಿ ಹೆರುವುದಕ್ಕೆ ತೊಡಗುತ್ತದೆ ಎಂದು ಓದಿದ್ದೆ. ನೈಲ್ ತಿಲಾಪಿಯದ ಮೇಲೆ ನಡೆದ ಪ್ರಯೋಗಗಳಲ್ಲಿ ಇನ್ನೂ ವಿಚಿತ್ರ: ಮರಿಗಳನ್ನು ಮೊದಲ ಕೆಲವು ವಾರ 35 ಡಿಗ್ರಿಯ ಆಸುಪಾಸಿನ ನೀರಿನಲ್ಲಿಟ್ಟರೆ ಗಂಡುಗಳ ಪಾಲು ಏರುತ್ತದೆ. ಹೆಣ್ಣಾಗಬೇಕಿದ್ದ ಮರಿಯೂ ಗಂಡಾಗುತ್ತದೆ. ಬೇಸಿಗೆಯಲ್ಲಿ ಮೊಣಕಾಲುದ್ದಕ್ಕಿಳಿದ ಕೆರೆಯ ಅಂಚಿನ ನೀರು ಎಷ್ಟು ಬಿಸಿಯಾಗುತ್ತದೆ ಎಂದು ಯೋಚಿಸುತ್ತ ದಾರಿ ಹಿಡಿದೆ.

ಕಣ್ವ, ಜೂನ್ ಕೊನೆ

ಚನ್ನಪಟ್ಟಣದ ಕಣ್ವ ಜಲಾಶಯ 1946ರದು. ಆ ಕಡೆ ಹೋದಾಗ ಮೀನುಮರಿ ಸಾಕುವ ಸಿಮೆಂಟ್ ತೊಟ್ಟಿಯೊಂದರ ಅಂಚಿಗೆ ನಿಂತೆ. ನನ್ನ ನೆರಳು ನೀರಿನ ಮೇಲೆ ಬಿದ್ದದ್ದೇ ತಡ, ಮರಿಗಳೆಲ್ಲ ನನ್ನ ಕಾಲಬುಡಕ್ಕೇ ಬಂದು ಮುತ್ತಿದವು. ಬಾಯಿ ಮೇಲೆತ್ತಿ ಕಾಯುತ್ತಿವೆ.

ಸಂಗಮದ ಬಂಡೆಯ ಸಂದಿನ ಮರಿಗಳು ಹೀಗಿರಲಿಲ್ಲ. ಇಷ್ಟೇ ಉದ್ದ, ಇದೇ ಗೆಂಡೆ ಜಾತಿಯ ಬಳಗ. ನೆರಳು ನೀರು ಮುಟ್ಟುವ ಮೊದಲೇ ಅವು ಕಲ್ಲಿನಡಿಗೆ ಹೋಗಿ, ಎಷ್ಟು ಹೊತ್ತು ಕಾದರೂ ಹೊರಬರಲಿಲ್ಲ. ಅಲ್ಲಿ ಮೇಲಿನಿಂದ ನೆರಳು ಬಿದ್ದರೆ ಅದು ಮಿಂಚುಳ್ಳಿ. ಇಲ್ಲಿ ನೆರಳು ಬಿದ್ದರೆ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು. ಎರಡು ಕಡೆಯ ಮರಿಗಳೂ ಕಲಿತಿವೆ, ಸರಿಯಾಗಿಯೇ ಕಲಿತಿವೆ. ಈ ತೊಟ್ಟಿಯ ಪಾಠ ಕಲಿತ ಮರಿಯನ್ನು ನಾಳೆ ಕೆರೆಗೆ ಬಿಡುತ್ತಾರೆ, ಅಲ್ಲಿ ಬೆಳ್ಳಕ್ಕಿ, ನೀರುಕಾಗೆ, ಕೊರವ ಮೀನು ಎಲ್ಲ ಕಾದಿರುತ್ತವೆ.

ಇನ್ನೂ ಹಿಂದಕ್ಕೆ ಹೋದರೆ, ಈ ಮರಿಗಳು ಹುಟ್ಟಿದ್ದೇ ಒಂದು ಸೂಜಿಯ ದೆಸೆಯಿಂದ. ಕಾಟ್ಲಾ, ರೋಹು, ಮೃಗಾಲ್ ಗಂಗೆಯ ಕಡೆಯ ಮೀನುಗಳು. ಮುಂಗಾರಿನ ಕೆಂಪು ಹೊಳೆ ಏರಿದಾಗ ಮೊಟ್ಟೆ ಇಡುವಂಥವು. ಕೆರೆಯಲ್ಲಿ ಕೊಬ್ಬುತ್ತವೆ, ಹೊಟ್ಟೆಯಲ್ಲಿ ಮೊಟ್ಟೆಯೂ ತುಂಬುತ್ತದೆ, ಆದರೆ ಹೊರಗೆ ಬಿಡುವುದಿಲ್ಲ. ನಿಂತ ನೀರು ಹೊಳೆ ಏರಿದ ಸುದ್ದಿಯನ್ನು ಮೀನಿನ ಮೈಗೆ ಮುಟ್ಟಿಸುವುದಿಲ್ಲ. ಹೀರಾಲಾಲ್ ಚೌಧುರಿಯವರು 1957ರ ಜುಲೈ 10ರಂದು ಒಡಿಶಾದಲ್ಲಿ ಬೇರೆ ಮೀನಿನ ಪಿಟ್ಯೂಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನೇ ಈಗ ದೇಶವೆಲ್ಲ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ರಾಮನಗರ ಸೀಮೆಯ ಕೆರೆಗಳಲ್ಲಿ ಹಿಡಿಯುವ ಪ್ರತಿ ಕಾಟ್ಲಾದ ಹಿಂದೆಯೂ ಆ ಸೂಜಿ ಇದೆ.

ಹೊಳೆಯ ಏರಿಳಿತಕ್ಕೆ ಬದಲು ಸೂಜಿ ಸಾಕಾಯಿತು. ಮಿಂಚುಳ್ಳಿಗೆ ಬದಲು ಏನು ಕೊಟ್ಟಿದ್ದೇವೆ?

ಮಾಗಡಿ ಸೀಮೆಯ ಒಂದು ಕೆರೆ, ಜುಲೈ

ಮರಿ ಬಿಡುವುದನ್ನು ನೋಡಿದೆ. ಆಮ್ಲಜನಕ ತುಂಬಿ ಕಟ್ಟಿದ ಪ್ಲಾಸ್ಟಿಕ್ ಚೀಲಗಳು. ಚೀಲವನ್ನು ಬಿಚ್ಚದೆ ಹಾಗೇ ಸ್ವಲ್ಪ ಹೊತ್ತು ಕೆರೆಯಲ್ಲಿ ತೇಲಿಬಿಡುತ್ತಾರೆ, ಒಳಗಿನ ಬಿಸಿ ಹೊರಗಿನ ಬಿಸಿಗೆ ಹೊಂದಲಿ ಎಂದು. ಆಮೇಲೆ ಬಾಯಿ ಬಿಚ್ಚಿ ಕೆರೆಯ ನೀರನ್ನು ಬೊಗಸೆ ಬೊಗಸೆ ಒಳಗೆ ಹಾಕುತ್ತಾರೆ. ಕೊನೆಗೆ ಚೀಲ ಓರೆ ಮಾಡುತ್ತಾರೆ, ಮರಿಗಳು ತಾವೇ ಹೊರಟು ಹೋಗಲಿ ಎಂದು. ಇಷ್ಟು ನಾಜೂಕು ನೋಡಿ ಖುಷಿಯಾಯಿತು. ನೀರಿನ ಬಿಸಿಗೆ ಒಗ್ಗಿಸುವ ಪದ್ಧತಿ ಇದೆ, ಶತ್ರುವಿಗೆ ಒಗ್ಗಿಸುವ ಪದ್ಧತಿ ಇಲ್ಲ.

ಬಿಟ್ಟ ಮರಿಗಳು ಆಳಕ್ಕೆ ಹೋಗಲಿಲ್ಲ. ಏರಿಯ ಕಲ್ಲುಕಟ್ಟಡದ ಬುಡದಲ್ಲಿ, ಮನುಷ್ಯರ ನೆರಳಿನಲ್ಲಿ ಗುಂಪಾಗಿ ನಿಂತವು. ಒಂದು ಬೆಳ್ಳಕ್ಕಿ ಹತ್ತಿರದ ಕಲ್ಲಿನ ಮೇಲೆ ಬಂದು ಕೂತಿತು. ಅದಕ್ಕೆ ಈ ದಿನದ ಸುದ್ದಿ ಯಾರು ಮುಟ್ಟಿಸಿದರೋ.

ಅದೇ ಕೆರೆ

ತೂಬಿನ ಹತ್ತಿರ ಕೆಂಪು ಗುಂಪೊಂದು ಏಳುತ್ತದೆ, ಮುಳುಗುತ್ತದೆ. ಕೊರವನ ಮರಿಗಳು. ಗುಂಪಿನ ಕೆಳಗೆ ದೊಡ್ಡ ಕೊರವ ಕಾವಲಿದೆ. ಹುಡುಗರು ಕಡ್ಡಿ ಹಾಕಿದರೆ ನುಗ್ಗಿ ಬರುತ್ತದೆ. ಈ ಮರಿಗಳಿಗೆ ಮೊದಲ ವಾರಗಳ ಪರಿಸರವೆಂದರೆ ಅಪ್ಪ ಅಮ್ಮಂದಿರೇ. ಮಹಷೀರ್, ರೋಹು, ಗೆಂಡೆಗಳಿಗೆ ಆ ಭಾಗ್ಯವಿಲ್ಲ. ಮೊಟ್ಟೆ ಬಿಟ್ಟು ದೊಡ್ಡವು ಹೊರಟುಹೋಗುತ್ತವೆ. ಮರಿಗೆ ಸಿಗುವುದು ನೀರು, ಕಲ್ಲು, ಬೆಳಕು, ವಾಸನೆ ಇಷ್ಟೇ.

ವಾಸನೆಯ ಮಾತು ಬಂದದ್ದರಿಂದ ಬರೆದಿಡಬೇಕು. ಜೇನ್ನೊಣಗಳ ಕುಣಿತ ಬಿಡಿಸಿದ ಕಾರ್ಲ್ ಫೊನ್ ಫ್ರಿಶ್ ಮೀನಿನ ಮೇಲೂ ಕೆಲಸ ಮಾಡಿದ್ದರು. ಗಾಯಗೊಂಡ ಚಿಕ್ಕ ಮೀನೊಂದನ್ನು ಗುಂಪಿಗೆ ಬಿಟ್ಟರೆ ಉಳಿದವು ಬೆದರಿ ಚೆದರುತ್ತವೆ. ಹರಿದ ಚರ್ಮದಿಂದ ಸೋರುವ ಯಾವುದೋ ರಾಸಾಯನಿಕ ಅವಕ್ಕೆ ಅಪಾಯದ ಸೂಚನೆ ಎಂದು 1938ರಲ್ಲಿ ತೋರಿಸಿದರು. ಅವರು ಬಳಸಿದ ಮೀನು ನಮ್ಮ ಗೆಂಡೆಗಳ ನಂಟು ಬಳಗದ್ದೇ. ಈ ವಾಸನೆಯ ಜೊತೆಗೆ ಯಾವ ಶತ್ರುವಿನ ವಾಸನೆ ಬಂದರೂ ಮೀನು ಎರಡನ್ನೂ ಗಂಟು ಹಾಕಿ ನೆನಪಿಟ್ಟುಕೊಳ್ಳುತ್ತದೆ ಎಂದು ಆಮೇಲಿನವರು ಕಂಡರು. ಅಂದರೆ ತೊಟ್ಟಿಯಲ್ಲೇ ಕೊರವನ ಭಯ ಕಲಿಸಬಹುದು. ಒಂದು ಬಕೆಟ್ ಕೊರವ ಇದ್ದ ನೀರು, ಜಜ್ಜಿದ ಒಂದೆರಡು ಮರಿ, ಇಷ್ಟು ಸಾಕಾದೀತು.

ಮನೆಯಲ್ಲಿ, ಮಳೆ

ಮಹಷೀರ್ ಮರಿಯ ಮೊದಲ ದಿನಗಳ ಬಗ್ಗೆ ಕೈಗೆ ಸಿಕ್ಕಿದ್ದು.

ಮಳೆಗಾಲದಲ್ಲಿ ಮೊಟ್ಟೆ. ರೋಹು ಮೊಟ್ಟೆ ನೀರಿನ ಜೊತೆ ತೇಲಿ ಹೋಗುತ್ತದೆ, ಕಾಮನ್ ಕಾರ್ಪ್ ಮೊಟ್ಟೆ ಜೊಂಡಿಗೆ ಅಂಟಿಕೊಳ್ಳುತ್ತದೆ. ಮಹಷೀರ್ ಮೊಟ್ಟೆ ಭಾರ, ತಳಕ್ಕೆ ಹೋಗಿ ಜಲ್ಲಿಕಲ್ಲಿನ ಸಂದಿ ಸೇರುತ್ತದೆ. ರೋಹು ಕೆಜಿ ತೂಕಕ್ಕೆ ಲಕ್ಷಗಟ್ಟಲೆ ಇಟ್ಟರೆ ಇದು ಸಾವಿರಗಟ್ಟಲೆ. ಆ ಸಂದಿಗೆ ಹೂಳು ಕೂತರೆ ಉಸಿರು ಕಟ್ಟಿತು. ಜಲ್ಲಿ, ಮರಳು ಎತ್ತಿಕೊಂಡು ಹೋದರೆ ಸಂದಿಯೇ ಇಲ್ಲ. ಅರ್ಕಾವತಿಯ ಮರಳಿನಲ್ಲಿ ಬೆಂಗಳೂರಿನ ಎಷ್ಟು ಮಹಡಿ ಎದ್ದವೆಂದು ಕನಕಪುರದವರಿಗೆ ಹೇಳಿಕೊಡಬೇಕಾಗಿಲ್ಲ.

ಮೊಟ್ಟೆ ಒಡೆದು ಬಂದ ಮರಿಯ ಹೊಟ್ಟೆಗೆ ಹಳದಿಯ ಚೀಲ ಅಂಟಿಕೊಂಡಿರುತ್ತದೆ, ಈಜಲಾಗುವುದಿಲ್ಲ. ಬೆಳಕು ಕಂಡರೆ ಆಗದು. ತೊಟ್ಟಿಯಲ್ಲಿ ಹುಟ್ಟಿದರೆ ಮೂಲೆಗೆ ತಲೆ ತೂರಿಸಿ ಒಂದರ ಮೇಲೊಂದು ಒತ್ತಿಕೊಂಡು ಬಾಲ ಬಡಿಯುತ್ತಿರುತ್ತವೆ. ಹೀಗೆ ಸುಮಾರು ಒಂದು ವಾರ. ಪಶ್ಚಿಮಘಟ್ಟದ ಮಹಷೀರ್‌ನ ಮೊಟ್ಟೆ, ಮರಿಗಳ ಬೆಳವಣಿಗೆಯನ್ನು ಸಿ.ವಿ. ಕುಲಕರ್ಣಿ 1971ರಲ್ಲೇ ಬರೆದಿಟ್ಟಿದ್ದಾರೆ. ಲೋನಾವಳದಲ್ಲಿ ಟಾಟಾ ಸಂಸ್ಥೆಯ ಕೆರೆಗಳ ದಂಡೆಯಲ್ಲಿ ಈ ಮೀನಿನ ಮರಿ ಮಾಡುವ ಕೆಲಸ ಶುರುವಾದದ್ದೂ ಅದೇ ಕಾಲದಲ್ಲಿ.

ಆ ಮೂಲೆ ಏಕೆ? ನದಿಯಲ್ಲಿ ಮೂಲೆ ಎಂಬುದಿಲ್ಲ, ಕಲ್ಲಿನ ಸಂದಿ ಇದೆ. ಸಂದಿ ಹುಡುಕುವ ಮರಿಗೆ ಸಿಮೆಂಟ್ ತೊಟ್ಟಿ ಕೊಡಬಲ್ಲದ್ದು ನಾಲ್ಕೇ ಮೂಲೆ. ಸಾವಿರಾರು ಮರಿ, ನಾಲ್ಕು ಮೂಲೆ. ಒಳಗಿನವಕ್ಕೆ ಉಸಿರು ಸಾಲದು.

ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ರೆಬೆಕಾ ಕಿಸ್ಲಿಂಗರ್ ಮತ್ತು ಗೇಬ್ರಿಯೆಲ್ ನೆವಿಟ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ನೇರ ಉತ್ತರದಂತಿದೆ. ಸಮುದ್ರಕ್ಕೆ ಹೋಗಿ ಬರುವ ರೇನ್‌ಬೋ ಟ್ರೌಟ್‌ನ ಹಳದಿಚೀಲದ ಮರಿಗಳನ್ನು ತೆಗೆದುಕೊಂಡರು. ಒಂದು ಪಾಲನ್ನು ಮಾಮೂಲು ಬೋಳು ತೊಟ್ಟಿಯಲ್ಲಿ ಇಟ್ಟರು. ಇನ್ನೊಂದು ಪಾಲಿನ ತೊಟ್ಟಿಯ ತಳಕ್ಕೆ ಕಲ್ಲು ಹಾಕಿದರು. ಕಲ್ಲಿನ ಮಧ್ಯೆ ಬೆಳೆದ ಮರಿಗಳ ಕಿರುಮೆದುಳು ಹಿರಿದಾಗಿತ್ತು. ಮೈಯ ಚಲನೆಯನ್ನು ಹದದಲ್ಲಿಡುವ ಭಾಗ ಅದು.

ಈ ಸಾಲನ್ನು ಎರಡು ಸಲ ಓದಿದೆ. ಔಷಧಿಯಿಲ್ಲ, ವಿಶೇಷ ಆಹಾರವಿಲ್ಲ, ಬೇರೆ ತಳಿಯೂ ಅಲ್ಲ. ಬರೀ ಕಲ್ಲು. ಈ ಜಿಲ್ಲೆಯಲ್ಲಿ ಕಲ್ಲಿಗೆ ಬರವೇ?

ಗಾಳಿಬೋರೆ ಕಡೆ, ಸೆಪ್ಟೆಂಬರ್

ನದಿ ತುಂಬಿದೆ, ಹತ್ತಿರ ಹೋಗಲಾಗದು. ಆನೆ ಲದ್ದಿ ಹಸಿಯಾಗಿದೆ. ಅರಣ್ಯ ಇಲಾಖೆಯವರು ದೂರದಲ್ಲೇ ನಿಲ್ಲಿಸಿದರು. ನಿಲ್ಲಿಸಿದ ಜಾಗದಲ್ಲೇ ಬರೆಯುತ್ತಿದ್ದೇನೆ.

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಎಳೆದ ಮಹಷೀರ್ 120 ಪೌಂಡ್ ತೂಗಿತ್ತು, ಅಂದರೆ 54 ಕೆಜಿ. ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ಈ ದೈತ್ಯ ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವಂಥದ್ದು. ಪ್ರಪಂಚದ ಗಾಳಗಾರರಿಗೆಲ್ಲ ಗೊತ್ತಿದ್ದ ಈ ಮೀನಿಗೆ ವಿಜ್ಞಾನದ ಹೆಸರು ಯಾವುದೆಂದು ತೀರ್ಮಾನವಾದದ್ದು 2018ರಲ್ಲಿ: ಟಾರ್ ರೆಮಾದೇವಿಯೈ. ಕೇರಳದ ಪಾಂಬಾರ್ ಹೊಳೆಯ ಮರಿಮೀನುಗಳನ್ನು ನೋಡಿ 2007ರಲ್ಲಿ ಇಟ್ಟಿದ್ದ ಹೆಸರದು. ಪ್ರಾಣಿವಿಜ್ಞಾನಿ ರೆಮಾದೇವಿಯವರ ಗೌರವಾರ್ಥ. ಹೆಸರು ಸಿಕ್ಕ ವರ್ಷವೇ ಅದು ಅಳಿವಿನ ಅಂಚಿನ ಜೀವಿಗಳ ಕೆಂಪು ಪಟ್ಟಿಯ ಅತಿ ಗಂಭೀರ ವರ್ಗಕ್ಕೂ ಸೇರಿತು.

ನನಗೆ ಬಿಡಿಸಲಾಗದ ಗಂಟು ಇಲ್ಲಿದೆ. ಲೋನಾವಳದ ಕಡೆಯಿಂದ ನೀಲಿ ರೆಕ್ಕೆಯ ಮಹಷೀರ್ ಮರಿಗಳನ್ನು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ದಕ್ಷಿಣದ ಅನೇಕ ನದಿಗಳಿಗೆ ಬಿಟ್ಟರು, ಕಾವೇರಿಗೂ ಬಿಟ್ಟರು. ಇಲ್ಲಿನ ಗಾಳದ ಶಿಬಿರದಲ್ಲಿ ಹಿಡಿದು ಬಿಟ್ಟ ಮೀನುಗಳ ಪುಸ್ತಕ ಇಟ್ಟಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ 2015ರಲ್ಲಿ ಬಿಡಿಸಿ ತೋರಿಸಿದರು. ನೀಲಿ ರೆಕ್ಕೆಯವು ಏರುತ್ತ ಹೋದವು, ಉಬ್ಬು ಬೆನ್ನಿನವು ಇಳಿಯುತ್ತ ಹೋದವು.

ತೊಟ್ಟಿಯಲ್ಲಿ ಬೆಳೆದ ಮರಿ ಹೊಳೆಗೆ ಬಿದ್ದರೆ ದಡ್ಡ ಎಂದು ಈವರೆಗಿನ ಪುಟಗಳಲ್ಲಿ ಬರೆದುಕೊಂಡು ಬಂದಿದ್ದೇನೆ. ಹಾಗಿದ್ದರೆ ತೊಟ್ಟಿಯ ಮರಿ ಈ ಬಂಡೆಗಳ ಮಧ್ಯೆ ಹುಟ್ಟಿದ ಮರಿಯನ್ನು ಸೋಲಿಸಿದ್ದು ಹೇಗೆ?

ಕೆಲವು ದಾರಿ ಹೊಳೆಯುತ್ತವೆ. ಬಿಟ್ಟ ಮರಿಗಳಲ್ಲಿ ಹೆಚ್ಚಿನವು ಸತ್ತೇ ಇರಬಹುದು. ಉಳಿದ ಕೆಲವೇ ಮೀನುಗಳ ಮಕ್ಕಳು ಇಲ್ಲೇ ಹುಟ್ಟಿದ್ದರೆ ಅವಕ್ಕೆ ತೊಟ್ಟಿಯ ಪಾಠದ ಹಂಗಿಲ್ಲ. ಇನ್ನೊಂದು: ಇಂದಿನ ಕಾವೇರಿ ಉಬ್ಬು ಬೆನ್ನಿನ ಮರಿ ಬೆಳೆದು ಬಂದ ಕಾವೇರಿಯಲ್ಲ. ಕನ್ನಂಬಾಡಿ ಕಟ್ಟಿದಂದಿನಿಂದ ನೀರು ಯಾವಾಗ ಏರಬೇಕು, ಯಾವಾಗ ಇಳಿಯಬೇಕು ಎನ್ನುವುದನ್ನು ಮುಂಗಾರು ಒಂದೇ ತೀರ್ಮಾನಿಸುತ್ತಿಲ್ಲ, ಗೇಟುಗಳೂ ತೀರ್ಮಾನಿಸುತ್ತವೆ. ಹೊಳೆಯ ಏರಿಳಿತ ನಂಬಿ ಮೊಟ್ಟೆ ಇಡುವ ಮೀನಿಗೆ, ಜಲ್ಲಿಯ ಮೇಲಿನ ನೀರು ಮೂರನೇ ದಿನ ಇಳಿದುಬಿಟ್ಟರೆ ಮುಗಿಯಿತು. ಅಂಥ ನದಿಯಲ್ಲಿ ಹೆಚ್ಚು ಹಟವಿಲ್ಲದ ಮೀನು ಗೆಲ್ಲಬಹುದು. ಎರಡನೆಯದೇ ಹೆಚ್ಚು ನಿಜವೆಂದು ನನ್ನ ಮನಸ್ಸು ವಾಲುತ್ತದೆ, ಆದರೆ ಅದರ ಪರವಾಗಿ ವಾದ ಮಾಡುವಷ್ಟು ಪುರಾವೆ ನನ್ನ ಈ ಟಿಪ್ಪಣಿ ಪುಸ್ತಕದಲ್ಲಿಲ್ಲ.

ಮೇಕೆದಾಟುವಿನಲ್ಲಿ 67 ಟಿಎಂಸಿ ಅಡಿಯ ಅಣೆಕಟ್ಟಿನ ಯೋಜನೆ ಇದೆ. ಬೆಂಗಳೂರಿಗೆ ಕುಡಿಯುವ ನೀರು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ತೆಪ್ಪದವರು ಹೇಳಿದ ಮೂರರಲ್ಲಿ ಓಡುವ ನೀರು, ಕಲ್ಲು ಎರಡೂ ಆಗ ಜಲಾಶಯದ ತಳಕ್ಕೆ ಹೋಗುತ್ತವೆ. ಉಳಿಯುವುದು ಮಡು ಮಾತ್ರ, ಬಹಳ ದೊಡ್ಡ ಮಡು. ಬಿಳಿ ಮೀನಿನ ಬದಲಿಗೆ ಕಾಟ್ಲಾ ಮರಿ ಬಿಡುತ್ತಾರೆ. ಇಷ್ಟನ್ನು ಊಹಿಸಲು ವಿಜ್ಞಾನವೇನೂ ಬೇಡ, ಹಾರೋಬೆಲೆ ನೋಡಿದರೆ ಸಾಕು.

ಚನ್ನಪಟ್ಟಣ ತಾಲ್ಲೂಕು, ಅಕ್ಟೋಬರ್

ಪರಿಚಯದವರೊಬ್ಬರು ತೋಟದಲ್ಲಿ ಮೀನುಮರಿ ಸಾಕಿ ಮಾರುತ್ತಾರೆ. ಸ್ಪಾನ್ (ಆಗಷ್ಟೇ ಹುಟ್ಟಿದ ಮರಿ) ತಂದು, ಬೆರಳುದ್ದ ಮಾಡಿ, ಸುತ್ತಲಿನ ಕೆರೆ ಗುತ್ತಿಗೆದಾರರಿಗೆ ಕೊಡುತ್ತಾರೆ. ಅವರ ಮುಂದೆ ಕಲ್ಲಿನ ಪ್ರಯೋಗದ ಕಥೆಯನ್ನೆಲ್ಲ ಬಿಚ್ಚಿಟ್ಟೆ. ಕಿರುಮೆದುಳಿನವರೆಗೆ ಗಮನವಿಟ್ಟು ಕೇಳಿದರು.

"ಚೆನ್ನಾಗದೆ ಮೇಷ್ಟ್ರೆ. ಕಲ್ಲು ಹಾಕಿದ್ಮೇಲೆ ಬಲೆ ಎಳೆಯೋದು ಹೆಂಗೆ?"

ನಾನು ಸುಮ್ಮನಿದ್ದೆ.

"ದಿನಾ ತಳದ ಕಸ ಎಳೆದು ತೆಗೀಬೇಕು. ತಿಂದು ಉಳಿದ ಹಿಂಡಿ ಕಲ್ಲಿನ ಸಂದಿಗೆ ಸೇರಿ ಕೊಳೆತ್ರೆ ಒಂದೇ ರಾತ್ರಿಗೆ ತೊಟ್ಟಿ ಖಾಲಿ. ನಿಮ್ಮ ಅಮೆರಿಕದೋರು ನೀರು ಓಡಿಸ್ತಾವ್ರೆ, ನಮಗೆ ಬೋರ್‌ವೆಲ್ಲಲ್ಲಿ ಬರೋದೇ ಅರ್ಧ ಇಂಚು. ಆಮೇಲೆ ನಾನು ಮಾರೋದು ಸಾವಿರಕ್ಕಿಷ್ಟು ಅಂತ. ಬುದ್ಧಿವಂತ ಮರಿ ಅಂತ ಹತ್ತು ರೂಪಾಯಿ ಜಾಸ್ತಿ ಯಾರು ಕೊಟ್ಟಾರು?"

ಬೋಳು ತೊಟ್ಟಿಗೂ ಒಂದು ಕಾರಣ ಇದೆ ಎಂಬುದು ಯಾವ ಲೇಖನದಲ್ಲೂ ಇಷ್ಟು ಸ್ಪಷ್ಟವಾಗಿ ಸಿಕ್ಕಿರಲಿಲ್ಲ. ಬರೆದುಕೊಂಡೆ. ಅವರ ಮನೆಯ ಹಿಂದೆ ಹಳೆಯ ಮಂಗಳೂರು ಹೆಂಚಿನ ಗುಡ್ಡೆ ಬಿದ್ದಿತ್ತು. ಹೆಂಚಾದರೆ ಬೇಕಾದಾಗ ಎತ್ತಿಡಬಹುದು, ತೊಳೆಯಬಹುದು, ಬಲೆಗೂ ಸಿಕ್ಕಿಕೊಳ್ಳುವುದಿಲ್ಲ ಎಂದೆ. ಎರಡೆರಡು ಒರಗಿಸಿ ನಿಲ್ಲಿಸಿದರೆ ಸಂದಿಯೂ ಆಯಿತು, ನೆರಳೂ ಆಯಿತು. ಒಂದು ತೊಟ್ಟಿಗೆ ಹೆಂಚು, ಪಕ್ಕದ್ದಕ್ಕೆ ಬೇಡ. ಎರಡರಲ್ಲೂ ಒಂದೇ ದಿನದ ಮರಿ, ಒಂದೇ ತೂಕದ ಹಿಂಡಿ. ಆಮೇಲೆ ಎರಡಕ್ಕೂ ಕೊರವ ಇದ್ದ ನೀರು ಸುರಿದು ನೋಡುವುದು.

ಅವರು ಹೆಂಚಿನ ಗುಡ್ಡೆಯನ್ನೂ ನನ್ನನ್ನೂ ನೋಡಿದರು.

"ಒಂದೇ ತೊಟ್ಟಿ ಕೊಡ್ತೀನಿ. ಅದೂ ಕಾಮನ್ ಕಾರ್ಪ್ ಮರಿ. ಕಾಟ್ಲಾ ತೊಟ್ಟಿ ಹತ್ರ ಮಾತ್ರ ಬರಬ್ಯಾಡಿ."